ಟೇಟ್ ಮಾಡರ್ನ್‌ನಲ್ಲಿ ಕಬಕೋವ್: ಪೋಸ್ಟರ್ ಬಿಡಿ, ಪಾತ್ರೆ ನೋಡಿ

ಲಂಡನ್ನಿನ ಆರ್ಟ್ ಮ್ಯೂಸಿಯಂ ಟೇಟ್ ಮಾಡರ್ನ್‌ನಲ್ಲಿ ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿದ ಕಲಾವಿದ ದಂಪತಿ ಇಲ್ಯಾ ಮತ್ತು ಎಮಿಲಿಯಾ ಕಬಕೋವ್ ಅವ್ರ ಎಕ್ಸಿಬಿಷನ್ ನಡೀತು, ಹೆಸರು 'ಎಲ್ಲರನ್ನೂ ಭವಿಷ್ಯಕ್ಕೆ ಕರ್ಕೊಂಡು ಹೋಗಲ್ಲ', 2018ರ ಜನವರಿ 28ರ ತನಕ ಇತ್ತು. ಸೋವಿಯತ್ ಅಂದ್ರೆ ಕೆಂಪು ಬಾವುಟ, ಸುತ್ತಿಗೆ ಕುಡುಗೋಲು, ಲೆನಿನ್ ಅನ್ಕೊಂಡು ಹೋದವ್ರಿಗೆ ನಿರಾಸೆ ಆಗಿರ್ಬೋದು, ಅಲ್ಲಿ ಜಾಸ್ತಿ ಇದ್ದಿದ್ದು ಮಾಸಿದ ಗೋಡೆ, ಬೋಳು ಬಲ್ಬು, ಪಾತ್ರೆ ಪಗಡ. ನನಗಂತೂ ಅದೇ ಹಿಡಿಸಿದ್ದು.

ಇಲ್ಯಾ ಮಾಸ್ಕೋದಲ್ಲಿದ್ದಾಗ ಹೊಟ್ಟೆಪಾಡಿಗೆ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತಿದ್ರು, ಅದಕ್ಕೆ ಸರ್ಕಾರದ ಒಪ್ಪಿಗೆ ಇತ್ತು. ಸ್ವಂತದ್ದನ್ನೆಲ್ಲ ಅಟ್ಟದ ಸ್ಟುಡಿಯೋದಲ್ಲಿ ಮಾಡಿ ಸ್ನೇಹಿತರಿಗಷ್ಟೇ ತೋರಿಸೋದು.

ಎಲ್ಲರೂ ಮುತ್ತಿಕೊಂಡಿದ್ದು 1985ರ 'ತನ್ನ ಮನೆಯಿಂದ ಬಾಹ್ಯಾಕಾಶಕ್ಕೆ ಹಾರಿಹೋದ ಮನುಷ್ಯ' ಹತ್ರ. ಬಾಗಿಲಿಗೆ ಹಲಗೆ ಬಡಿದಿದಾರೆ, ಸಂದಿಯಿಂದ ಇಣುಕಿದ್ರೆ ಸಣ್ಣ ರೂಮು, ಗೋಡೆ ತುಂಬಾ ಪ್ರಚಾರದ ಪೋಸ್ಟರು, ನಡುವೆ ಸ್ಪ್ರಿಂಗು ಬೆಲ್ಟು ಕಟ್ಟಿದ ಸೀಟು ನೇತಾಡ್ತಿದೆ, ಮೇಲೆ ಸೂರಲ್ಲಿ ದೊಡ್ಡ ತೂತು, ಆಸಾಮಿ ನಾಪತ್ತೆ. ಸರ್ಕಾರ ವರ್ಷಗಟ್ಟಲೆ ಆಕಾಶ ತೋರಿಸ್ತು, ಈತ ಅದನ್ನ ನಿಜ ಅಂತ ನಂಬಿ ಯಾರ ಪರ್ಮಿಷನ್ನೂ ಕೇಳ್ದೆ ಒಬ್ನೇ ಹೊರಟೇಬಿಟ್ಟ. ಪ್ರೊಪಗಾಂಡಾನ ಬೈದು ಮಾಡಿದ ಎಷ್ಟೋ ಕೆಲಸಕ್ಕಿಂತ ಇದು ಜೋರಾಗಿ ತಟ್ಟುತ್ತೆ. ಆದ್ರೆ ಸಂದಿ ಚಿಕ್ಕದು, ಮುಂದಿನೋರು ಸರಿಯೋ ತನಕ ನಿಂತಿರ್ಬೇಕಿತ್ತು.

ಕೊಮುನಾಲ್ಕಾ, ಅಂದ್ರೆ ಎಷ್ಟೋ ಸಂಸಾರಕ್ಕೆ ಒಂದೇ ಅಡುಗೆಮನೆ ಒಂದೇ ಟಾಯ್ಲೆಟ್ ಇರೋ ಮನೆ, ಅದೇ ಇವ್ರ ಕಲೆಗೆಲ್ಲ ಮೂಲ. 1989ರ ಒಂದು ಕೆಲಸದಲ್ಲಿ ಅಡುಗೆಮನೆ ಪಕ್ಕದ ಕಾರಿಡಾರಲ್ಲಿ ಪಾತ್ರೆಗಳು ಗಾಳಿಲಿ ತೇಲ್ತಿವೆ, ನೋಡಿ ನಗು ಬಂತು, ಆಮೇಲೆ ಅಲ್ಲಿ ದಿನಾ ನಡೀತಿದ್ದಿರೋ ಜಗಳನೂ ಕೇಳಿಸಿದಂಗಾಯ್ತು.

ಹೃದಯ ಹಿಂಡಿದ್ದು ಮಾತ್ರ 1990ರ 'ಲ್ಯಾಬಿರಿಂತ್: ನನ್ನ ತಾಯಿಯ ಆಲ್ಬಮ್'. ಮಬ್ಬು ಕಾರಿಡಾರು ತಿರುಗ್ತಾ ತಿರುಗ್ತಾ ಒಳಗೆ ಹೋಗುತ್ತೆ, ಗೋಡೆ ಮೇಲೆ ಇಲ್ಯಾ ಅವ್ರ ಅಮ್ಮ ಬರೆದ ಬದುಕಿನ ಕಥೆ, ಜೊತೆಗೆ ಸೋವಿಯತ್ ಊರುಗಳ ಚೆಂದ ಚೆಂದದ ಫೋಟೋ. ಫೋಟೋದಲ್ಲಿ ಬಿಸಿಲು, ಬರಹದಲ್ಲಿ ಹಸಿವು. ಮಗ ಮಾಸ್ಕೋದ ಆರ್ಟ್ ಸ್ಕೂಲಲ್ಲಿ ಓದುವಾಗ ಆಕೆಗೆ ಆ ಊರಲ್ಲಿ ಇರೋಕೆ ಪರವಾನಗಿ ಇರ್ಲಿಲ್ಲ, ಅದೇ ಸ್ಕೂಲಲ್ಲಿ ಬಟ್ಟೆ ಒಗೆಯೋ ಕೆಲಸ ಹಿಡಿದು ಹಳೇ ಟಾಯ್ಲೆಟ್ಟಲ್ಲೇ ಮಲಗ್ತಿದ್ರು. ಕೊನೇಲಿ ಮಗ ಗುನುಗೋ ದನಿ ಕೇಳುತ್ತೆ. ಓದೋಕೆ ತುಂಬಾ ಇತ್ತು, ಬೆಳಕು ಕಮ್ಮಿ, ಕನ್ನಡಕ ಬೇಕೇ ಬೇಕಿತ್ತು.

'ಹಬ್ಬಗಳು' ಅನ್ನೋ 1987ರ ಚಿತ್ರಗಳೂ ಚೆನ್ನಾಗಿವೆ, ಸರ್ಕಾರಿ ಶೈಲಿಯ ಖುಷಿ ದೃಶ್ಯದ ಮೇಲೆ ಮುದುರಿದ ಮಿಠಾಯಿ ಕಾಗದದ ಹೂವು ಅಂಟಿಸಿದಾರೆ. ಎಕ್ಸಿಬಿಷನ್ನಿಗೆ ಹೆಸರು ಕೊಟ್ಟಿರೋ 2001ರ ಕೆಲಸದಲ್ಲಿ ರೈಲು ಹೋಗ್ತಿದೆ, ಹಳಿ ಪಕ್ಕ ಪೇಂಟಿಂಗುಗಳು ಅನಾಥ ಬಿದ್ದಿವೆ, ಅಷ್ಟು ಚೂಪಾಗಿದೆ. ಇತ್ತೀಚಿನ ದೊಡ್ಡ ಕ್ಯಾನ್ವಾಸುಗಳು, ದೇವದೂತರು ರೆಕ್ಕೆಗಳು ನನಗೆ ಸಪ್ಪೆ ಅನ್ಸಿದ್ವು, ಅಲ್ಲಿ ಟೈಮ್ ಉಳಿಸಿ ಲ್ಯಾಬಿರಿಂತಿಗೆ ಕೊಡೋದೇ ವಾಸಿ ಅನ್ಸ್ತು.

ಇದು ಆಮೇಲೆ 2018ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿಗೂ ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರಿಗೂ ಹೋಯ್ತು. ಅಂಥ ಕಾರಿಡಾರಲ್ಲೇ ಬೆಳೆದ ಜನ ಇದನ್ನ ನೋಡಿ ಏನಂದ್ರೋ, ಅವ್ರ ರಿವ್ಯೂ ಓದೋಕೆ ನನಗೆ ಆಸೆ.