ಗ್ರ್ಯಾನ್ ಟುರಿಸ್ಮೊ 7: ಸಾಮಾನ್ಯ ಕಾರುಗಳಲ್ಲೇ ಇದರ ಸತ್ವ

ಜಪಾನಿನ ಪಾಲಿಫೊನಿ ಡಿಜಿಟಲ್ ಸಂಸ್ಥೆ ರೂಪಿಸಿ, ಸೋನಿ 2022ರ ಮಾರ್ಚ್ 4ರಂದು ಪ್ಲೇಸ್ಟೇಷನ್ 4 ಮತ್ತು 5ಕ್ಕೆ ಬಿಡುಗಡೆ ಮಾಡಿದ ಕಾರ್ ರೇಸಿಂಗ್ ವಿಡಿಯೊ ಗೇಮ್ ಗ್ರ್ಯಾನ್ ಟುರಿಸ್ಮೊ 7, ಹೊಸ ಆಟಗಾರನ ಕೈಗೆ ಮೊದಲು ಕೊಡುವುದು ಫೆರಾರಿಯನ್ನಲ್ಲ. ಸೆಕೆಂಡ್ ಹ್ಯಾಂಡ್ ಕಾರುಗಳ ಮಳಿಗೆಗೆ ಕಳುಹಿಸಿ, ಟೊಯೋಟಾ ಅಕ್ವಾ, ಮಾಜ್ದಾ ಡೆಮಿಯೊ, ಹೋಂಡಾ ಫಿಟ್ ಹೈಬ್ರಿಡ್ ಎಂಬ ಮೂರು ಪುಟ್ಟ ಕಾರುಗಳ ಪೈಕಿ ಒಂದನ್ನು ಆರಿಸಿಕೊಳ್ಳಿ ಎನ್ನುತ್ತದೆ. ಫಿಟ್ ಎಂದರೆ ನಮ್ಮಲ್ಲಿ ಜಾಝ್ ಎಂಬ ಹೆಸರಿನಲ್ಲಿ ಮಾರಾಟವಾದ ಕಾರು. ಕಚೇರಿಗೆ ಹೋಗಿಬರಲು, ವಾರದ ಸಂತೆ ಮುಗಿಸಿಕೊಂಡು ಬರಲು ಜನ ಕೊಳ್ಳುವ ವಾಹನದಿಂದ ಒಂದು ರೇಸಿಂಗ್ ಆಟ ಆರಂಭವಾಗುವುದು ಹಲವರಿಗೆ ನಿರಾಸೆ ತಂದೀತು. ಆದರೆ ಈ ಆಟವನ್ನು ಸಾಕಷ್ಟು ಕಾಲ ಆಡಿದ ಮೇಲೆ ನನಗೆ ಖಚಿತವಾಗಿರುವುದು, ಅದರ ಅತ್ಯುತ್ತಮ ಗಳಿಗೆಗಳು ಇಂಥ ಕಾರುಗಳಲ್ಲಿಯೇ ಇವೆ ಎಂಬುದು. ನೂರಾರು ಕೋಟಿ ಬೆಲೆಬಾಳುವ ಕಾರುಗಳೂ ಇದರಲ್ಲಿವೆ, ಅವುಗಳ ಚಿತ್ರಣದಲ್ಲಿ ಕೊರತೆಯೇನೂ ಇಲ್ಲ. ಓಡಿಸುವ ವಿಷಯಕ್ಕೆ ಬಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ.

ಸುಜುಕಿ ಸ್ವಿಫ್ಟ್ ಸ್ಪೋರ್ಟ್‌ನ 2017ರ ಮಾದರಿಯನ್ನು ತೆಗೆದುಕೊಳ್ಳೋಣ. ಕರ್ನಾಟಕದ ಯಾವುದೇ ಊರಿನ ಬಸ್ ನಿಲ್ದಾಣದ ಎದುರು ಕಾಣುವ ಸ್ವಿಫ್ಟ್‌ನ ಒಡಹುಟ್ಟಿದ ಕಾರು ಇದು. 1.4 ಲೀಟರ್ ಟರ್ಬೊ ಎಂಜಿನ್, 140 ಅಶ್ವಶಕ್ತಿ, ಕೇವಲ 970 ಕೆ.ಜಿ. ತೂಕ. ಭಾರತದಲ್ಲಿ ಈ ಸ್ಪೋರ್ಟ್ ಮಾದರಿ ಮಾರಾಟಕ್ಕೆ ಬರಲಿಲ್ಲವಾದ್ದರಿಂದ, ನಮ್ಮಲ್ಲಿ ಬಹುತೇಕರು ಅದನ್ನು ಓಡಿಸಲು ಸಾಧ್ಯವಿರುವುದು ಇಂಥ ಆಟದಲ್ಲಷ್ಟೇ. ಇದಕ್ಕೆ ಕಡಿಮೆ ಹಿಡಿತದ ಕಂಫರ್ಟ್ ಟೈರ್ ಹಾಕಿ, ಜಪಾನಿನ ಇಬರಾಕಿ ಪ್ರಾಂತ್ಯದ ತ್ಸುಕುಬಾ ಟ್ರ್ಯಾಕಿಗೆ ಕರೆದೊಯ್ಯಬೇಕು. ಒಂದು ಸುತ್ತು ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅಲ್ಲಿನ ಎರಡನೆಯ ಹೇರ್‌ಪಿನ್ ತಿರುವಿಗೆ ಬರುವಾಗ ಬ್ರೇಕ್ ಒತ್ತಿದರೆ ಕಾರಿನ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಹಿಂಭಾಗ ಹಗುರಾಗುತ್ತದೆ. ಪ್ಲೇಸ್ಟೇಷನ್ 5ರ (ಪಿಎಸ್5) ಕಂಟ್ರೋಲರಿನಲ್ಲಿ ಬ್ರೇಕಿನ ಎಲ್2 ಗುಂಡಿ ಬೆರಳಿಗೆ ಎದುರೊತ್ತುತ್ತದೆ, ಬ್ರೇಕ್ ಒತ್ತಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡತೊಡಗಿದ ಕೂಡಲೇ ಗುಂಡಿಯೇ ಅದುರಲು ಶುರುವಾಗುತ್ತದೆ. ಬ್ರೇಕನ್ನು ಒಮ್ಮೆಲೇ ಬಿಡದೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತ ಸ್ಟೀರಿಂಗ್ ತಿರುಗಿಸಿದರೆ ಮೂತಿ ತಿರುವಿನ ಒಳ ಅಂಚಿಗೆ ಅಂಟಿಕೊಂಡು ಸಾಗುತ್ತದೆ. ಅವಸರಪಟ್ಟು ಆಕ್ಸಿಲರೇಟರ್ ಒತ್ತಿದರೆ ಒಳಗಿನ ಮುಂಚಕ್ರ ಹಿಡಿತ ಕಳೆದುಕೊಂಡು ಸುಮ್ಮನೆ ಸುತ್ತುತ್ತದೆ, ಕಾರು ಹೊರಗಿನ ಹುಲ್ಲಿನತ್ತ ಜಾರುತ್ತದೆ. ಆಗ ಕಾಲನ್ನು, ಅಂದರೆ ಇಲ್ಲಿ ಬೆರಳನ್ನು, ಕೂದಲೆಳೆಯಷ್ಟು ಹಿಂದೆಗೆದರೆ ಸಾಕು, ಮೂತಿ ಮತ್ತೆ ದಾರಿಗೆ ಬರುತ್ತದೆ. ಇಷ್ಟೆಲ್ಲ ನಡೆಯುವುದು ತೀರಾ ಕಡಿಮೆ ವೇಗದಲ್ಲಿ. ಅದಕ್ಕಾಗಿಯೇ ಏನು ತಪ್ಪಿತು, ಯಾಕೆ ತಪ್ಪಿತು, ಮುಂದಿನ ಸುತ್ತಿನಲ್ಲಿ ಏನು ಮಾಡಬೇಕು ಎಂದು ಯೋಚಿಸಲು ಆಟಗಾರನಿಗೆ ಬಿಡುವು ಸಿಗುತ್ತದೆ.

ಅದೇ ತ್ಸುಕುಬಾಕ್ಕೆ ಬುಗಾಟಿ ಶಿರಾನ್ ಕಾರನ್ನು ತಂದು ನೋಡಿದರೆ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ಎಂಟು ಲೀಟರಿನ, ಹದಿನಾರು ಸಿಲಿಂಡರಿನ, ನಾಲ್ಕು ಟರ್ಬೊಗಳ ಎಂಜಿನ್ 1,500 ಅಶ್ವಶಕ್ತಿ ನೀಡುತ್ತದೆ, ತೂಕ ಹೆಚ್ಚುಕಡಿಮೆ ಎರಡು ಟನ್. ಹಿಂಬದಿಯ ನೇರ ರಸ್ತೆ ಅದಕ್ಕೆ ಉಸಿರೆಳೆದುಕೊಳ್ಳುವಷ್ಟೂ ಸಾಲುವುದಿಲ್ಲ. ಆಕ್ಸಿಲರೇಟರ್ ಒತ್ತುವುದೇ ತಡ, ಬ್ರೇಕಿನ ಹೊತ್ತು ಬಂದಿರುತ್ತದೆ. ಬ್ರೇಕ್ ಒತ್ತುವ ಸ್ಥಳವನ್ನು ಕೆಲವೇ ಮೀಟರ್ ದಾಟಿಸಿದರೂ ಆ ಭಾರ ತಡೆಯಲಾರದೆ ಕಾರು ಜಲ್ಲಿಗೆ ನುಗ್ಗುತ್ತದೆ. ಇಲ್ಲಿ ತಪ್ಪಿಗೂ ಅದರ ಫಲಕ್ಕೂ ನಡುವೆ ಅಂತರವೇ ಇಲ್ಲವಾದ್ದರಿಂದ ಕಲಿಕೆಗೂ ಜಾಗವಿಲ್ಲ. ಇದು ತ್ಸುಕುಬಾದಂಥ ಸಣ್ಣ ಟ್ರ್ಯಾಕಿಗೆ ಮಾತ್ರ ಸೀಮಿತವಾದ ಮಾತೂ ಅಲ್ಲ. ಫ್ರಾನ್ಸಿನ ಲೆ ಮಾನ್ ಟ್ರ್ಯಾಕಿನ ಉದ್ದನೆಯ ನೇರ ರಸ್ತೆಯಲ್ಲಿ ಶಿರಾನ್‌ನ ವೇಗ ಏರುತ್ತ ಹೋಗುವುದನ್ನು ನೋಡುವುದು ರೋಮಾಂಚಕವೇ ಸರಿ, ಆದರೆ ಆ ಹೊತ್ತಿನಲ್ಲಿ ಆಟಗಾರ ಮಾಡಬೇಕಾದ ಕೆಲಸ ಗುಂಡಿಯೊಂದನ್ನು ಒತ್ತಿ ಹಿಡಿದು ಕಾಯುವುದು ಮಾತ್ರ.

ಎಲ್ಲ ಸೂಪರ್ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯವಾದೀತು. 1994ರ ಮೆಕ್‌ಲಾರೆನ್ ಎಫ್1 ಈ ಆಟದ ರತ್ನಗಳಲ್ಲೊಂದು. ನಿಜವಾದ ಕಾರಿನಲ್ಲಿ ಎಬಿಎಸ್ ಇರಲಿಲ್ಲ, ಚಕ್ರಗಳು ಹಿಡಿತ ತಪ್ಪಿ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇರಲಿಲ್ಲ, ಪವರ್ ಸ್ಟೀರಿಂಗ್ ಕೂಡ ಇರಲಿಲ್ಲ. ಚಾಲಕನ ಆಸನ ನಟ್ಟನಡುವೆ, ಅದರ ಎರಡು ಬದಿಗೆ ತುಸು ಹಿಂದೆ ಇನ್ನೆರಡು ಆಸನಗಳು. ಆಟದಲ್ಲಿ ಕಾರಿನ ಒಳಗಿನ ನೋಟವನ್ನು ಆರಿಸಿಕೊಂಡರೆ ಆ ನಡು ಆಸನದಿಂದಲೇ ರಸ್ತೆ ಕಾಣುತ್ತದೆ, ಎರಡೂ ಪಕ್ಕದ ಅಂಚುಗಳು ಸರಿಸಮ ದೂರದಲ್ಲಿರುವುದರಿಂದ ತಿರುವಿನ ಅಂದಾಜು ಬೇರೆ ಯಾವ ಕಾರಿಗಿಂತಲೂ ಸಲೀಸಾಗಿ ಸಿಗುತ್ತದೆ. ಇಪ್ಪತ್ತು ಕಿಲೋಮೀಟರ್ ಮೀರಿದ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆ ಟ್ರ್ಯಾಕಿನಲ್ಲಿ, ಆಟ ಚಾಲಕನಿಗೆ ಕೊಡುವ ಎಲ್ಲ ನೆರವುಗಳನ್ನು ತೆಗೆದುಹಾಕಿ ಇದನ್ನು ಓಡಿಸಿದಾಗ, ಸ್ವಿಫ್ಟ್‌ನಲ್ಲಿ ಕಲಿತ ಒಂದೊಂದು ಪಾಠವೂ ಕೈಗೆ ಬರುತ್ತದೆ. ಬ್ರೇಕಿನ ಮೇಲೆ ಆ ಹತೋಟಿ ಬಾರದವರಿಗೆ ಎಫ್1 ಬರೀ ಸಿಟ್ಟು ತರಿಸುವ ಕಾರಾಗಿ ಉಳಿದುಬಿಡುತ್ತದೆ.

ಸಾಮಾನ್ಯ ಕಾರಿನ ಬಗೆಗಿನ ಈ ಗೌರವ ಈ ಸರಣಿಗೆ ಹೊಸತಲ್ಲ. 1997ರ ಕೊನೆಯಲ್ಲಿ ಜಪಾನಿನಲ್ಲಿ ಮೊದಲ ಗ್ರ್ಯಾನ್ ಟುರಿಸ್ಮೊ ಬಂದಾಗ ರೇಸಿಂಗ್ ಆಟವೆಂದರೆ ಕೈಗೆಟುಕದ ಕಾರುಗಳ ಕನಸು ಎಂಬ ನಂಬಿಕೆಯೇ ಬಲವಾಗಿತ್ತು. 1994ರ ಮೊದಲ ನೀಡ್ ಫಾರ್ ಸ್ಪೀಡ್ ಆಟ ಅದಕ್ಕೆ ಒಳ್ಳೆಯ ಉದಾಹರಣೆ. ಗ್ರ್ಯಾನ್ ಟುರಿಸ್ಮೊ ಸರಣಿಯ ಸೃಷ್ಟಿಕರ್ತ ಕಜುನೊರಿ ಯಮೌಚಿ ಅವರ ತಂಡ ಜನ ದಿನನಿತ್ಯ ಬಳಸುವ ಜಪಾನಿ ಕಾರುಗಳನ್ನೇ ದೊಡ್ಡ ಸಂಖ್ಯೆಯಲ್ಲಿ ತಂದು, ಬಿಡಿಭಾಗ ಬದಲಿಸಿ ಬಲಪಡಿಸುವ ಅವಕಾಶ ಕೊಟ್ಟಿತು. 2003ರ ಹೊತ್ತಿಗೆ ನೀಡ್ ಫಾರ್ ಸ್ಪೀಡ್ ಕೂಡ ಅಂಡರ್‌ಗ್ರೌಂಡ್ ಆವೃತ್ತಿಯಲ್ಲಿ ಸೂಪರ್ ಕಾರುಗಳನ್ನು ಬಿಟ್ಟು, ಬೀದಿಯ ಕಾರುಗಳನ್ನು ಸಿಂಗರಿಸಿ ಓಡಿಸುವ ಹಾದಿಗೆ ಬಂತು. ಏಳನೆಯ ಆವೃತ್ತಿಯಲ್ಲಿ ಆಟಗಾರನಿಗೆ 'ಮೆನು' ಎಂಬ ಹೆಸರಿನಲ್ಲಿ ಸವಾಲುಗಳನ್ನು ಕೊಡುವ ಕೆಫೆ ಈ ಗೌರವವನ್ನು ಇನ್ನೂ ಮುಂದಕ್ಕೆ ಒಯ್ದಿದೆ. ಅಲ್ಲಿ ಒಂದು ಮೆನು ಫಿಯಟ್ 500, ಮಿನಿ ಕೂಪರ್, ಫೋಕ್ಸ್‌ವ್ಯಾಗನ್ 1200 ಎಂಬ ಮೂರು ಹಳೆಯ ಪುಟ್ಟ ಕಾರುಗಳನ್ನು ಗೆದ್ದು ತರಲು ಹೇಳಿ, ತಂದ ಮೇಲೆ ಅವು ಯಾಕೆ ಹುಟ್ಟಿದವು, ಯಾರ ಬದುಕನ್ನು ಬದಲಿಸಿದವು ಎಂಬುದನ್ನು ಸಾವಧಾನವಾಗಿ ವಿವರಿಸುತ್ತದೆ. ಸೆಕೆಂಡ್ ಹ್ಯಾಂಡ್ ಮಳಿಗೆಯ ಕಾರುಗಳ ಜೊತೆಗೆ ಅವು ಎಷ್ಟು ಕಿಲೋಮೀಟರ್ ಓಡಿವೆ ಎಂಬ ಲೆಕ್ಕವೂ ಇರುತ್ತದೆ, ಕೊಂಡ ಮೇಲೆ ಆಯಿಲ್ ಬದಲಿಸಿದರೆ ಎಂಜಿನ್ನಿನ ಕಳೆದುಹೋದ ಶಕ್ತಿ ಮರಳುತ್ತದೆ. ಕಾರನ್ನು ಅಕ್ಕರೆಯಿಂದ ಕಂಡವರು ಮಾತ್ರ ಬರೆಯಬಲ್ಲ ವಿವರ ಇದು.

ದುಬಾರಿ ಕಾರುಗಳ ವಿಷಯದಲ್ಲಿ ಆಟ ಈ ಸೌಜನ್ಯ ತೋರುವುದಿಲ್ಲ. ಬಿಡುಗಡೆಯಾದ ಮಾರ್ಚ್ ತಿಂಗಳಲ್ಲೇ ಒಂದು ಅಪ್‌ಡೇಟ್ ಹಲವು ಸ್ಪರ್ಧೆಗಳ ಬಹುಮಾನದ ಹಣವನ್ನು ಇಳಿಸಿತು. ಅದೇ ಹೊತ್ತಿಗೆ ಸರ್ವರ್‌ಗಳು ಒಂದು ದಿನಕ್ಕೂ ಹೆಚ್ಚು ಕಾಲ ನಿಂತುಹೋದವು. ಆಟದೊಳಗಿನ ಹಣವಾದ ಕ್ರೆಡಿಟ್‌ಗಳನ್ನು ನಿಜವಾದ ಹಣ ಕೊಟ್ಟು ಕೊಳ್ಳುವ ಅವಕಾಶವೂ ಇದ್ದುದರಿಂದ ಆಟಗಾರರ ಸಿಟ್ಟು ಜಗತ್ತಿನಾದ್ಯಂತ ಸ್ಫೋಟಿಸಿತು. ಆಮೇಲೆ ಸಂಸ್ಥೆ ಕ್ಷಮೆ ಕೇಳಿ, ಹತ್ತು ಲಕ್ಷ ಕ್ರೆಡಿಟ್‌ಗಳನ್ನು ಉಚಿತವಾಗಿ ಕೊಟ್ಟು, ಏಪ್ರಿಲ್‌ನಲ್ಲಿ ಬಹುಮಾನಗಳನ್ನು ಏರಿಸಿತು. ಪರಿಸ್ಥಿತಿ ಸುಧಾರಿಸಿತು ನಿಜ, ಆದರೆ ಹೆಸರಾಂತ ಅಪರೂಪದ ಕಾರುಗಳನ್ನು ಮಾರುವ ಆಟದ ಲೆಜೆಂಡ್ ಕಾರುಗಳ ಮಳಿಗೆಯ ಮೇಲುತುದಿಯ ಬೆಲೆಗಳನ್ನು ಮುಟ್ಟಬೇಕಾದರೆ ಇವತ್ತಿಗೂ ಒಂದೇ ಲಾಭದಾಯಕ ಸ್ಪರ್ಧೆಯನ್ನು ಮತ್ತೆ ಮತ್ತೆ ಆಡಬೇಕಾಗುತ್ತದೆ. ಹಾಗೆ ದುಡಿದು ತಂದ ಕಾರು ಹೆಚ್ಚಾಗಿ ಗ್ಯಾರೇಜಿನಲ್ಲಿ ನಿಲ್ಲುತ್ತದೆ, ಏಕೆಂದರೆ ಅದಕ್ಕೆ ತಕ್ಕ ಸ್ಪರ್ಧೆಗಳ ಪಟ್ಟಿ ಉದ್ದವಾಗಿಲ್ಲ. ಒಂದು ಡೆಮಿಯೊ ಕೊಳ್ಳುವ ಹಣ ಎರಡು ಮೂರು ಸ್ಪರ್ಧೆಗಳಲ್ಲಿ ಕೈಸೇರುತ್ತದೆ, ಕೊಂಡ ಮರುಗಳಿಗೆಯಿಂದಲೇ ಅದಕ್ಕೆ ಕೆಲಸವಿರುತ್ತದೆ.

ಎದುರಾಳಿಗಳ ವಿಷಯದಲ್ಲಿ ಎರಡೂ ಬಗೆಯ ಕಾರುಗಳಿಗೆ ಸಮಾನ ನಷ್ಟವಾಗಿದೆ. ಹೆಚ್ಚಿನ ಸ್ಪರ್ಧೆಗಳಲ್ಲಿ ಆಟಗಾರ ಕೊನೆಯ ಸ್ಥಾನದಿಂದ ಓಡುತ್ತಲೇ ಹೊರಡಬೇಕು. ಅಷ್ಟರಲ್ಲಿ ಮೊದಲ ಸ್ಥಾನದ ಕಾರು ಬಹುದೂರ ಸಾಗಿರುತ್ತದೆ. ಹೀಗಾಗಿ ಚಕ್ರಕ್ಕೆ ಚಕ್ರ ತಾಗಿಸಿ ಸೆಣಸುವ ಬದಲು, ಒಂದೊಂದಾಗಿ ಕಾರುಗಳನ್ನು ದಾಟುತ್ತ ಹೋಗುವುದೇ ಸ್ಪರ್ಧೆಯಾಗುತ್ತದೆ. ಇದಕ್ಕೆ ಉತ್ತರವಾಗಿ ಬಂದದ್ದು ಸೋನಿ ಎಐ ಜೊತೆಗೂಡಿ ಬೆಳೆಸಿದ ಸೋಫಿ ಎಂಬ ಕೃತಕ ಬುದ್ಧಿಮತ್ತೆಯ ಚಾಲಕ. 2023ರ ನವೆಂಬರಿನ ಅಪ್‌ಡೇಟ್‌ನಿಂದ ಪಿಎಸ್5ರಲ್ಲಿ ಸೋಫಿ ಕಾಯಂ ಆಗಿ ಲಭ್ಯ. ಒಂದೇ ಬಗೆಯ ಪುಟ್ಟ ಕಾರುಗಳಲ್ಲಿ ಸೋಫಿಯ ಎದುರು ಇಳಿದರೆ, ನಾವು ಬಿಟ್ಟ ಸಂದಿಯಲ್ಲಿ ಮೂತಿ ತೂರಿಸುವ, ತಿರುವಿನಲ್ಲಿ ಪಕ್ಕಕ್ಕೆ ಪಕ್ಕ ನಿಲ್ಲುವ, ಆದರೂ ಜಾಗ ಬಿಟ್ಟುಕೊಡುವ ಎದುರಾಳಿ ಸಿಗುತ್ತಾನೆ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಇದಕ್ಕಿಂತ ಹಿತವಾದ ಸ್ಪರ್ಧೆ ಇನ್ನೊಂದಿಲ್ಲ.

ಅಂಬಾಸಿಡರ್ ಇಲ್ಲ, ಮಾರುತಿ 800 ಇಲ್ಲ ಎಂಬ ಕೊರಗು ನಮ್ಮವರಿಗೆ ಇದ್ದೇ ಇರುತ್ತದೆ. ಫಿಯಟ್ 500ಕ್ಕೆ ಸಲ್ಲುವ ಮರ್ಯಾದೆ ಮಾರುತಿ 800ಕ್ಕೂ ಸಲ್ಲಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಸದ್ಯಕ್ಕೆ ಸ್ವಿಫ್ಟ್ ಸ್ಪೋರ್ಟ್ ಜೊತೆಗೆ, ಭಾರತದಲ್ಲಿ ಅಲ್ಪ ಸಂಖ್ಯೆಯಲ್ಲಿ ಮಾರಾಟವಾದ ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ ನಮ್ಮ ರಸ್ತೆಗಳನ್ನು ನೆನಪಿಸುತ್ತದೆ.

ಕೊಳ್ಳುವವರು ಗಮನಿಸಬೇಕಾದ್ದು, ಬಿಡುಗಡೆಯ ವೇಳೆ ಭಾರತದಲ್ಲಿ ಪಿಎಸ್5 ಆವೃತ್ತಿಯ ಬೆಲೆ ಸುಮಾರು ಐದು ಸಾವಿರ ರೂಪಾಯಿ ಇತ್ತು. ಒಬ್ಬರೇ ಆಡುವಾಗಲೂ ಆಟದ ಬಹುಭಾಗಕ್ಕೆ ಇಂಟರ್ನೆಟ್ ಸಂಪರ್ಕ ಬೇಕೇ ಬೇಕು, ಆದ್ದರಿಂದ ಸಂಪರ್ಕ ಪದೇ ಪದೇ ಕಡಿದುಹೋಗುವ ಊರುಗಳಲ್ಲಿರುವವರು ಎರಡು ಸಲ ಯೋಚಿಸುವುದು ಒಳ್ಳೆಯದು. ಸ್ಟೀರಿಂಗ್ ಚಕ್ರ ಕೊಳ್ಳಲೇಬೇಕೆಂದಿಲ್ಲ, ಪಿಎಸ್5ರ ಕಂಟ್ರೋಲರ್ ಸಾಕು. ಮೊದಲ ಪುಟ್ಟ ಕಾರಿನಲ್ಲೇ ಟ್ರ್ಯಾಕ್ಷನ್ ಕಂಟ್ರೋಲನ್ನು ಸೊನ್ನೆಗೆ ಇಳಿಸಿ, ಕಾರು ಜಾರಿದಾಗ ತಾನೇ ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸುವ ಕೌಂಟರ್ ಸ್ಟೀರಿಂಗ್ ನೆರವನ್ನು ತೆಗೆದು, ಎಬಿಎಸ್ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಇಷ್ಟು ಶಕ್ತಿಯ ಕಾರಿಗೆ ಆ ನೆರವುಗಳ ಅಗತ್ಯವಿಲ್ಲ, ಅವು ಇದ್ದರೆ ಟೈರ್ ಹಿಡಿತ ಬಿಡುವ ಕ್ಷಣ ಬೆರಳಿಗೆ ತಿಳಿಯುವುದೂ ಇಲ್ಲ.