ಮೊಣಕಾಲಿನವರೆಗೆ ಮಾತ್ರ ಧೈರ್ಯ: ಹಾವಿನ ಗೇಟರ್ ಜೊತೆ ಮೂರು ಮಳೆಗಾಲ

ನಾನು ಕಪ್ಪೆಗಳ ಕೂಗನ್ನು ರೆಕಾರ್ಡ್ ಮಾಡುವವಳು. ಕತ್ತಲಾದ ಮೇಲೆ ಹೊರಟು, ಹಳ್ಳದ ಬದಿಯಲ್ಲೋ ಜೌಗಿನ ಅಂಚಿನಲ್ಲೋ ಮೈಕ್ ಹಿಡಿದು ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವುದು ನನ್ನ ಕೆಲಸ. ಕಪ್ಪೆಗಳು ಎಲ್ಲಿ ಗದ್ದಲ ಎಬ್ಬಿಸಿವೆಯೋ ಅಲ್ಲಿಗೆ ನಾನೊಬ್ಬಳೇ ಹುಡುಕಿಕೊಂಡು ಬರುವುದಿಲ್ಲ, ಹಸಿದವರೂ ಬರುತ್ತಾರೆ. ಅಣ್ಣ ಬೈದು ಬೈದು, ಮೂರು ಮಳೆಗಾಲದ ಹಿಂದೆ ಒಂದು ಜೊತೆ ಹಾವಿನ ಗೇಟರ್ ತರಿಸಿಕೊಂಡೆ. ಯಾವ ಕಂಪನಿಯದು ಅನ್ನುವುದು ಬೇಡ. ಇಂಥವನ್ನು ಮಾಡುವವರು ಹಲವರಿದ್ದಾರೆ, ನಾನು ನೋಡಿದವೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು.

ಗೊತ್ತಿಲ್ಲದವರಿಗೆ: ಗೇಟರ್ ಎಂದರೆ ಶೂ ಮೇಲಿನಿಂದ ಮೊಣಕಾಲಿನ ಕೆಳಗಿನವರೆಗೆ ಸುತ್ತಿಕೊಳ್ಳುವ ಗವಸು. ಕ್ರಿಕೆಟ್ ಪ್ಯಾಡಿನ ಬಡ ತಮ್ಮ ಅನ್ನಿ, ಆದರೆ ಇದು ಮೀನಖಂಡವನ್ನೂ ಮುಚ್ಚುತ್ತದೆ. ಹೊರಗೆ ದಪ್ಪ ನೈಲಾನ್, ಒಳಗೆ ಹೊಲಿದಿಟ್ಟ ಗಟ್ಟಿ ಪ್ಲಾಸ್ಟಿಕ್ ತಗಡುಗಳು, ಹಿಂದೆ ವೆಲ್ಕ್ರೋ, ಮೇಲೊಂದು ಬಕಲ್, ಶೂ ಅಡಿಯಿಂದ ಹಾಯುವ ಒಂದು ಪಟ್ಟಿ.

ಬಂದ ದಿನವೇ ಗೋಣಿ ಹೊಲಿಯುವ ದಬ್ಬಳ ಹಿಡಿದು ಕೂತೆ. ತಗಡು ಇರುವಲ್ಲಿ ಬಟ್ಟೆ ತೂತಾಯಿತೇ ಹೊರತು ದಬ್ಬಳ ಒಳಗಿಳಿಯಲಿಲ್ಲ, ಅಂಗೈ ಕೆಂಪಾಗುವಷ್ಟು ಒತ್ತಿದರೂ ಇಲ್ಲ. ಎರಡು ತಗಡುಗಳ ನಡುವಿನ ಹೊಲಿಗೆಯ ಗೆರೆಯಲ್ಲಿ ಮಾತ್ರ ಸಲೀಸಾಗಿ ಇಳಿಯಿತು. ಆ ಗೆರೆ ಅರ್ಧ ಬೆರಳಿನ ಅಗಲ, ಒಂದೊಂದು ಗೇಟರಿನಲ್ಲಿ ಅಂಥವು ಎರಡೆರಡು. ಕೊಳಕುಮಂಡಲದ ವಿಷದ ಹಲ್ಲು ಸುಮಾರು 1.5 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಆಫ್ರಿಕಾದ ಗ್ಯಾಬೂನ್ ಮಂಡಲದ್ದು 5 ಸೆಂಟಿಮೀಟರ್ ಮುಟ್ಟುತ್ತದೆ, ಹಾವುಗಳಲ್ಲೆಲ್ಲ ಅದೇ ಉದ್ದದ ಹಲ್ಲು. ಹುಡುಕಿ ಹುಡುಕಿ ಆ ಗೆರೆಗೇ ಗುರಿಯಿಡುವ ಪುರುಸೊತ್ತು ಹಾವಿಗಿರುವುದಿಲ್ಲ ಎಂದು ಸಮಾಧಾನ ಹೇಳಿಕೊಂಡು ಕಟ್ಟಿಕೊಂಡು ಹೊರಟೆ.

ಮೊದಲ ದೂರು ಹಾವಿನದಲ್ಲ, ಸದ್ದಿನದು. ನಡೆಯುವಾಗ ನೈಲಾನಿಗೆ ನೈಲಾನ್ ತಾಗಿ ಸರ್ ಸರ್ ಎನ್ನುತ್ತದೆ. ವೆಲ್ಕ್ರೋ ಬಿಚ್ಚಿದರೆ ಇಡೀ ಹೊಂಡದ ಕಪ್ಪೆಗಳು ಬಾಯಿ ಮುಚ್ಚುತ್ತವೆ, ಮತ್ತೆ ಶುರುಮಾಡಲು ಹತ್ತು ನಿಮಿಷ. ನನ್ನ ಮೊದಲ ತಿಂಗಳ ರೆಕಾರ್ಡಿಂಗ್‌ಗಳಲ್ಲಿ ಕಪ್ಪೆಗಿಂತ ಗೇಟರೇ ಹೆಚ್ಚು ಹಾಡಿದೆ. ಚಾರಣಿಗರಿಗೆ ಇದೊಂದು ವಿಷಯವೇ ಅಲ್ಲ, ನನ್ನಂಥವರಿಗೆ ಮಾತ್ರ ಹೊಟ್ಟೆಪಾಡಿನ ಪ್ರಶ್ನೆ. ಸೆಕೆ, ಬೆವರು, ಭಾರ ಇವೆಲ್ಲ ಇವೆ, ವಾರದಲ್ಲಿ ಒಗ್ಗಿಹೋಗುತ್ತವೆ.

ಇನ್ನು ಹಾವುಗಳ ವಿಚಾರ. ಮೊದಲನೆಯದು ಹುಲ್ಲುಗಾವಲಿನ ಅಂಚಿನ ಒಂದು ಹೊಂಡದ ಬಳಿ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಶಾಟ್‌ಗನ್ ಮೈಕ್. ತಾನು ಮುಖ ಮಾಡಿದ ದಿಕ್ಕಿನ ಸದ್ದನ್ನಷ್ಟೇ ಗಟ್ಟಿಯಾಗಿ ಹಿಡಿಯುವ ಮೈಕ್ ಅದು. ಕಪ್ಪೆಗಳ ಗದ್ದಲದ ನಡುವೆ ಪ್ರೆಷರ್ ಕುಕ್ಕರ್ ಕೂಗುವ ಮುಂಚೆ ಹಬೆ ಬಿಡುತ್ತದಲ್ಲ, ಅಂಥ ಸದ್ದು ಶುರುವಾಯಿತು. ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಕೇಬಲ್ ಹೋಯಿತು ಅಂದುಕೊಂಡೆ. ಜಾಕ್ ತಿರುವಿದೆ, ಕೇಬಲ್ ಅಲ್ಲಾಡಿಸಿದೆ, ಗೇನ್ ಇಳಿಸಿದೆ. ಮೈಕನ್ನು ಎಡಕ್ಕೆ ತಿರುಗಿಸಿದರೆ ಸದ್ದು ಕಡಿಮೆ, ಬಲಗಾಲಿನ ಕಡೆ ತಿರುಗಿಸಿದರೆ ಜೋರು. ಕೆಟ್ಟ ಕೇಬಲ್ಲಿಗೆ ದಿಕ್ಕು ಎಲ್ಲಿಂದ ಬರಬೇಕು? ಇದು ಹೊಳೆಯಲು ನಾಲ್ಕು ನಿಮಿಷ ಹಿಡಿಯಿತು. ರೆಕಾರ್ಡಿಂಗ್‌ನಲ್ಲಿ ಲೆಕ್ಕ ಸಿಗುತ್ತದೆ, ಕೇಬಲ್ ಮಾಡಿದವರಿಗೆ ನಾನು ಹಾಕಿದ ಶಾಪವೂ ಸಿಗುತ್ತದೆ.

ಟಾರ್ಚ್ ಇಳಿಸಿದರೆ ಎರಡು ಹೆಜ್ಜೆ ದೂರದಲ್ಲಿ ಕೊಳಕುಮಂಡಲ. ಮೈ ಉಬ್ಬಿಸಿಕೊಂಡು ಸುರುಳಿ ಸುತ್ತಿ ಕೂತಿತ್ತು, ಬೆನ್ನ ಮೇಲಿನ ಸರಪಳಿ ಚುಕ್ಕೆಗಳೆಲ್ಲ ಹಿಗ್ಗಿದ್ದವು. ಪಾಪ, ಅಷ್ಟು ಹೊತ್ತು ಬಾಯಿಬಿಟ್ಟು ಹೇಳುತ್ತಿತ್ತು, ನಾನು ಜಾಕ್ ಒರೆಸುತ್ತಿದ್ದೆ. ಮಂಡಲದ ಹಾವುಗಳ ಏಟು ಸಾಮಾನ್ಯವಾಗಿ ಅವುಗಳ ಮೈಯುದ್ದದ ಅರ್ಧದಷ್ಟು ದೂರವೂ ಹೋಗುವುದಿಲ್ಲ, ಹಾಗಾಗಿ ಹಿಂದೆ ಸರಿಯಲು ಜಾಗವಿತ್ತು. ಗೇಟರ್ ಕೆಲಸಕ್ಕೆ ಬಂತೇ? ಇಲ್ಲ. ಆದರೆ ಗೇಟರ್ ಇಲ್ಲದೆ ಆ ಎತ್ತರದ ಹುಲ್ಲಿಗೆ ನಾನು ಇಳಿಯುತ್ತಲೇ ಇರಲಿಲ್ಲ. ಅದನ್ನು ಯಾವ ಖಾತೆಗೆ ಬರೆಯಬೇಕೋ ನನಗಿನ್ನೂ ಗೊತ್ತಾಗಿಲ್ಲ.

ಅದು ನಿಜವಾಗಿ ಕೆಲಸ ಮಾಡಿದ್ದು ಒಮ್ಮೆ. ಕಲ್ಲುಗುಡ್ಡದ ಕುರುಚಲು ಕಾಡು, ವರ್ಷದ ಮೊದಲ ಮಳೆ, ಎಲ್ಲಿ ಹುದುಗಿದ್ದವೋ ಏನೋ, ನೆಲವೆಲ್ಲ ಕಪ್ಪೆ. ಒಣಗಿದ ತೆಂಗಿನ ಚಿಪ್ಪನ್ನು ಒಂದಕ್ಕೊಂದು ಉಜ್ಜಿದಂಥ ಸದ್ದು ಕೇಳಿತು. ಗರಗಸಮಂಡಲ ಬಾಯಿಂದ ಸದ್ದು ಮಾಡುವುದಿಲ್ಲ. ಮೈಯನ್ನು ಮಡಿಸಿ, ಪಕ್ಕದ ಗರಗಸದಂಥ ಹುರುಪೆಗಳನ್ನು ಒಂದಕ್ಕೊಂದು ತಿಕ್ಕುತ್ತದೆ. ಈ ಸಲ ನನಗೆ ಅರ್ಥವಾಯಿತು, ಆದರೆ ಕಾಲು ಆಗಲೇ ಮುಂದಿಟ್ಟಾಗಿತ್ತು. ಟಪ್ ಎಂದು ಬೆರಳಲ್ಲಿ ಪುಟಿಸಿದಷ್ಟು ಏಟು. ಗೇಣುದ್ದದ ಚೂರು ಹಾವು, ನೋಡಿದರೆ ನಗು ಬರಬೇಕು. ಪಾದದ ಗಂಟಿನ ಮೇಲೆ ಬಟ್ಟೆಯಲ್ಲಿ ಒದ್ದೆಯ ಎರಡು ಚುಕ್ಕೆ, ಕೆಳಕ್ಕೆ ಜಾರಿದ ಒಂದು ಗೆರೆ. ಒಳಗೆ ತಗಡಿಗೆ ಗೀರೂ ಇಲ್ಲ.

ಆದರೆ ನೋಡಿ, ಶೂ ಅಡಿಯ ಪಟ್ಟಿ ಕಲ್ಲಿಗೆ ಉಜ್ಜಿ ಉಜ್ಜಿ ಆಗಲೇ ಸವೆದಿತ್ತು. ಅದು ಸಡಿಲವಾದರೆ ಗೇಟರಿನ ಕೆಳಗಿನ ಅಂಚು ಮೇಲೆದ್ದು, ಶೂಗೂ ಅದಕ್ಕೂ ನಡುವೆ ಎರಡು ಬೆರಳಿನ ಕಿಂಡಿ ತೆರೆಯುತ್ತದೆ. ಏಟು ಬಿದ್ದದ್ದು ಆ ಕಿಂಡಿಯಿಂದ ಒಂದು ಇಂಚು ಮೇಲೆ. ಇಷ್ಟು ಮುಖ್ಯವಾದ ಪಟ್ಟಿಯನ್ನು ಇಷ್ಟು ತೆಳುವಾಗಿ ಮಾಡಿದವರು ಕಲ್ಲಿನ ಮೇಲೆ ನಡೆದಿರಲಾರರು. ಇನ್ನೊಂದು: ಒಣಗಿದ ವಿಷ ವರ್ಷಗಟ್ಟಲೆ ಸತ್ವ ಉಳಿಸಿಕೊಳ್ಳುತ್ತದೆ. ಕಲೆಯನ್ನು ಉಗುರಿನಿಂದ ಕೆರೆದು ನೋಡಬೇಡಿ. ನಾನು ರಬ್ಬರ್ ಗ್ಲೌಸ್ ಹಾಕಿಕೊಂಡು ಸೋಪುನೀರಿನಲ್ಲಿ ಮೂರು ಸಲ ತೊಳೆದೆ.

ಎರಡನೇ ವರ್ಷದ್ದು ಗುಳಿಮಂಡಲ. ಮಳೆಕಾಡಿನ ತೊರೆ, ಜೊತೆಗೆ ಸಹಾಯಕ್ಕೆ ಒಬ್ಬ ಹುಡುಗ. ಮಳೆ ಜೋರಾದಾಗ ಮೈಕನ್ನು ರೇನ್‌ಕೋಟಿನೊಳಗೆ ಎದೆಗೆ ಅವಚಿಕೊಂಡಿದ್ದೆ. ಹನಿ ನಿಂತ ಮೇಲೆ ಹೊರತೆಗೆದು ಮುಂದಕ್ಕೆ ಚಾಚಿದೆ. ಗಾಳಿಯ ಸದ್ದು ತಡೆಯಲು ಮೈಕಿಗೆ ಉದ್ದ ರೋಮದ ಕವರ್ ಹಾಕಿರುತ್ತೇವೆ, ಕತ್ತಲಲ್ಲಿ ನೋಡಿದರೆ ಯಾವುದೋ ಸಣ್ಣ ಪ್ರಾಣಿಯೇ. ಹೆಡ್‌ಫೋನಿನಲ್ಲಿ ಬಾಗಿಲು ಅಪ್ಪಳಿಸಿದಂಥ ಶಬ್ದ, ಕೈಗೆ ಒಂದು ತಳ್ಳು. "ಅಕ್ಕಾ, ಹಂಗೇ ನಿಂತ್ಕೊಳ್ಳಿ. ಕೈ ಇಳಿಸ್ಬೇಡಿ" ಅಂದ ಹುಡುಗ.

ನನ್ನ ಗಲ್ಲದ ಎತ್ತರಕ್ಕಿದ್ದ ಕೊಂಬೆಯ ಮೇಲೆ, ಪಾಚಿಯ ಬಣ್ಣದ್ದು, ಏಟು ಹಾಕಿ ಮತ್ತೆ ಮೊದಲಿನ ಭಂಗಿಗೇ ಮರಳಿತ್ತು. ಈ ಜಾತಿಯ ಹಾವುಗಳಿಗೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದೊಂದು ಗುಳಿ ಇರುತ್ತದೆ, ಅದರಿಂದ ಶಾಖವನ್ನು ಗುರುತಿಸುತ್ತವೆ. ಎದೆಯ ಬಿಸಿಗೆ ಬೆಚ್ಚಗಾದ, ರೋಮವಿರುವ, ಅಲುಗಾಡುವ ವಸ್ತುವನ್ನು ನಾನೇ ಅದರ ಮೂತಿಗೆ ಹಿಡಿದಿದ್ದೆ. ತಪ್ಪು ಯಾರದು ಹೇಳಿ. ಎರಡೂ ಕಾಲಿಗೆ ಗೇಟರ್ ಬಿಗಿದುಕೊಂಡು ಗತ್ತಿನಲ್ಲಿ ನಿಂತಿದ್ದೆ ನಾನು, ಅದು ಮುಖದ ಹತ್ತಿರ ಕಾದಿತ್ತು. ಕಾಲಿಗೆ ಬಂದ ಧೈರ್ಯ ಕೈಗೂ ಹತ್ತಿತ್ತು, ಅದಕ್ಕೇ ಟಾರ್ಚ್ ಬಿಡದೆ ಕೈ ಚಾಚಿದ್ದು. "ಕಾಳಿಂಗವನ್ನು ಇದು ತಡೆಯುತ್ತಾ?" ಎಂದು ಅಣ್ಣ ಕೇಳುತ್ತಿರುತ್ತಾನೆ. ಕಾಳಿಂಗ ಸರ್ಪ ಮೈಯ ಮೂರನೇ ಒಂದು ಭಾಗವನ್ನು ನೆಲದಿಂದ ಎತ್ತಿ ನಿಲ್ಲುತ್ತದೆ ಮಾರಾಯ, ದೊಡ್ಡದಾದರೆ ಸೊಂಟದ ಮಟ್ಟ, ಮೊಣಕಾಲಿನ ಕೆಳಗಿನ ಗವಸು ಅದಕ್ಕೇನು ಮಾಡೀತು? (ಅಂದಹಾಗೆ, ಒಂದೇ ಜಾತಿ ಎಂದುಕೊಂಡಿದ್ದ ಕಾಳಿಂಗವನ್ನು 2024ರಲ್ಲಿ ನಾಲ್ಕಾಗಿ ವಿಂಗಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಓಫಿಯೋಫೇಗಸ್ ಕಾಳಿಂಗ. ಓದಿದ ದಿನ ಖುಷಿಯಾಗಿತ್ತು.)

ಈಗ ಹೇಳುವುದು ಈ ವಿಮರ್ಶೆ ಬರೆಯಲು ಕೂತದ್ದಕ್ಕೇ ಕಾರಣ. ಹೋದ ಮಳೆಗಾಲ, ಟೆಂಟಿನ ವಾಸ. ರಾತ್ರಿ ಎರಡಕ್ಕೆ ಬಂದು, ಒದ್ದೆ ಗೇಟರ್‌ಗಳನ್ನು ಒಳಗೆ ತರುವುದು ಬೇಡವೆಂದು, ವೆಲ್ಕ್ರೋ ಸದ್ದಿಗೆ ಪಕ್ಕದ ಟೆಂಟಿನವರು ಏಳುತ್ತಾರೆಂದು, ಬಿಚ್ಚದೆ ಕೊಳವೆಯಂತೆಯೇ ಕಾಲಿನಿಂದ ಜಾರಿಸಿ ಹೊರಗೆ ಮಲಗಿಸಿದೆ. ಬೆಳಿಗ್ಗೆ ಹಾಕಿಕೊಳ್ಳಲು ಒಂದನ್ನು ಎತ್ತಿದೆ, ಸರಿಯಿತ್ತು. ಇನ್ನೊಂದು ಸ್ವಲ್ಪ ಭಾರವೆನಿಸಿತು. ನೀರು ಕುಡಿದಿದೆ ಅಂದುಕೊಂಡು ಬಾಯಿ ಕೆಳಗೆ ಮಾಡಿ ಒಮ್ಮೆ ಕೊಡವಿದೆ. ಏನೂ ಬೀಳಲಿಲ್ಲ. ಕೈ ಹಾಕುವವಳಿದ್ದೆ. ಒಳಗೆ ಕಪ್ಪು ಮಿರುಗಿತು, ಅದರ ಮೇಲೆ ಜೋಡಿ ಜೋಡಿ ತೆಳು ಬಿಳಿ ಪಟ್ಟೆ.

ಕಟ್ಟುಹಾವು. ರಾತ್ರಿಯ ಸಂಚಾರಿ, ಹಗಲಲ್ಲಿ ಮಂಕು, ತಲೆಯನ್ನು ತನ್ನ ಸುರುಳಿಯ ಅಡಿಗೇ ತೂರಿಸಿ ಮಲಗುತ್ತದೆ. ಅದರ ಕಡಿತಕ್ಕೆ ಹೆಚ್ಚಾಗಿ ನೋವೂ ಇಲ್ಲ, ಊತವೂ ಇಲ್ಲ. ಗಂಟೆಗಳ ನಂತರ ರೆಪ್ಪೆ ಜೋತುಬೀಳುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಕೈಕೊಡುತ್ತವೆ. 2001ರ ಸೆಪ್ಟೆಂಬರ್‌ನಲ್ಲಿ ಮ್ಯಾನ್ಮಾರಿನ ಕಾಡಿನಲ್ಲಿ ಜೋಸೆಫ್ ಸ್ಲೋವಿನ್‌ಸ್ಕಿ ಎಂಬ ಹಾವುತಜ್ಞ ಸತ್ತದ್ದು ಹೀಗೆಯೇ: ಹಾವು ಹಾಕಿಟ್ಟಿದ್ದ ಚೀಲದೊಳಗೆ ಕೈ ಹಾಕಿದರು, ಒಳಗಿದ್ದದ್ದು ಕಟ್ಟುಹಾವಿನ ಕುಲದ ಮರಿ. ಸಂಗಡಿಗರು ಗಂಟೆಗಟ್ಟಲೆ ಬಾಯಿಂದ ಉಸಿರು ಊದಿದರೂ ಉಳಿಯಲಿಲ್ಲ. ಬದುಕೆಲ್ಲ ಹಾವಿನ ಜೊತೆಗೇ ಕಳೆದವರಿಗೇ ಹಾಗಾದರೆ, ನಿದ್ದೆಗಣ್ಣಿನ ನನ್ನ ಗತಿ?

ಗೇಟರನ್ನು ಮೆಲ್ಲಗೆ ನೆಲಕ್ಕಿಟ್ಟು, ಟ್ರೈಪಾಡಿನ ಕಾಲಿನಿಂದ ಪೊದೆಯ ನೆರಳಿಗೆ ತಳ್ಳಿ, ಆ ರಾತ್ರಿಯ ಕೆಲಸ ಕೈಬಿಟ್ಟೆ. ಕತ್ತಲಾದ ಮೇಲೆ ಅದೇ ಹೊರಟುಹೋಯಿತು. ಕತ್ತಲು, ತಂಪು, ಮೈಗೆ ಒತ್ತುವಷ್ಟು ಇಕ್ಕಟ್ಟು, ಎರಡೂ ಕಡೆ ಬಾಯಿ: ಹಾವಿಗೆಂದೇ ಮನೆ ಕಟ್ಟಿಸಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಜೊತೆಗೆ ಬಂದ ಆರು ಪುಟದ ಕೈಪಿಡಿಯಲ್ಲಿ ಒಗೆಯುವುದು ಹೇಗೆ, ಒಣಗಿಸುವುದು ಹೇಗೆ ಎಲ್ಲ ಇದೆ. ಹಾಕಿಕೊಳ್ಳುವ ಮುನ್ನ ಒಳಗೆ ನೋಡಿ ಎಂಬ ಒಂದು ಸಾಲಿಲ್ಲ. ಕೊಡವಿದರೆ ಸಾಲದು ಎಂಬುದು ನನಗೆ ತಿಳಿಯಿತಲ್ಲ: ಪೂರ್ತಿ ಬಿಚ್ಚಿ ಹಾಸಿ, ಕೋಲಿನಿಂದ ಮಗುಚಬೇಕು. ಈಗ ಟೆಂಟಿನೊಳಗೆ ಹಗ್ಗಕ್ಕೆ ಬಟ್ಟೆಯಂತೆ ನೇತುಹಾಕುತ್ತೇನೆ.

ಪೆಟ್ಟಿಗೆಯಲ್ಲಿ ಉಚಿತ ಕೊಡುಗೆಯೊಂದಿತ್ತು, ವಿಷ ಹೀರುವ ಪಂಪ್. ಹಳದಿ ಬಣ್ಣದ್ದು, ನೋಡಲು ಸಿರಿಂಜಿನ ಹಾಗೆ. ಇಂಥ ಪಂಪನ್ನು 2004ರಲ್ಲಿ ಎಂಟು ಮಂದಿ ಸ್ವಯಂಸೇವಕರ ಕಾಲಿಗೆ ನಕಲಿ ವಿಷ ಚುಚ್ಚಿ ಪರೀಕ್ಷಿಸಿದ್ದರು. ಅದು ಹೊರತೆಗೆದದ್ದು ಒಳಹೋದದ್ದರ ಸುಮಾರು 0.04 ಶೇಕಡಾ. ಇದನ್ನು ಒತ್ತುತ್ತ ಕೂರುವ ಹೊತ್ತಿನಲ್ಲಿ ಆಸ್ಪತ್ರೆಯ ಅರ್ಧ ದಾರಿ ಸವೆದಿರುತ್ತದೆ, ವಿಷಕ್ಕೆ ಮದ್ದು ಇರುವುದು ಅಲ್ಲಿನ ಆಂಟಿವೆನಮ್ಮಿನಲ್ಲಿ. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಕಡಿಸಿಕೊಂಡರೆ ಗೇಟರನ್ನೂ ಬಿಚ್ಚಿ, ಕಾಲು ಊದಿಕೊಂಡರೆ ಅದರ ಬಕಲೇ ಬಿಗಿದ ಹಗ್ಗವಾಗುತ್ತದೆ. ಪಂಪನ್ನು ನಾನು ಮೈಕಿನ ಧೂಳು ತೆಗೆಯಲು ಇಟ್ಟುಕೊಂಡಿದ್ದೇನೆ, ಅದಕ್ಕೂ ಅಷ್ಟಕ್ಕಷ್ಟೇ.

ಕೊಳ್ಳಬೇಕೇ? ಎತ್ತರದ ಹುಲ್ಲು, ಕಲ್ಲುಗುಡ್ಡ, ರಾತ್ರಿ ಓಡಾಟ ಇದ್ದರೆ ಕೊಳ್ಳಿ. ವರ್ಷಕ್ಕೆರಡು ಸಲ ಸವೆದ ಹಾದಿಯಲ್ಲಿ ಚಾರಣ ಹೋಗುವವರಿಗೆ ಗಟ್ಟಿ ಶೂ, ಟಾರ್ಚ್, ಸಡಿಲವಾದ ದಪ್ಪ ಜೀನ್ಸ್ ಸಾಕು. ಜೀನ್ಸ್ ಎಂದದ್ದು ತಮಾಷೆಗಲ್ಲ. 2009ರ ಒಂದು ಪ್ರಯೋಗದಲ್ಲಿ ಬೆಚ್ಚಗಿನ ನೀರು ತುಂಬಿದ ಗ್ಲೌಸ್‌ಗಳಿಗೆ ಬುಡುಬುಡಿಕೆ ಹಾವುಗಳಿಂದ ಕಚ್ಚಿಸಿ ನೋಡಿದ್ದರು. ಮೇಲೆ ಡೆನಿಮ್ ಹೊದಿಸಿದಾಗ ಒಳಗಿಳಿದ ವಿಷ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಇದೆಲ್ಲ ನನ್ನಂಥ ಹವ್ಯಾಸಿಗಳ ಚರ್ಚೆ ಎಂಬ ನಾಚಿಕೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 81,000ದಿಂದ 1,38,000 ಮಂದಿ ಹಾವು ಕಡಿದು ಸಾಯುತ್ತಾರೆ. ಅವರಲ್ಲಿ ಹೊಲದಲ್ಲಿ ದುಡಿಯುವವರು, ಮಕ್ಕಳು ಹೆಚ್ಚು. ಗೇಟರ್ ಬೇಕಾದ ಕಾಲುಗಳಲ್ಲಿ ಚಪ್ಪಲಿಯೂ ಇರುವುದಿಲ್ಲ.

ಪಟ್ಟಿಯ ಬಗ್ಗೆ ಕಂಪನಿಗೆ ಬರೆದಿದ್ದೆ. ಮರುಮಾತಿಲ್ಲದೆ ಎರಡು ಜೊತೆ ಹೊಸ ಪಟ್ಟಿ ಕಳಿಸಿದರು, ಈ ಸಲ ದಪ್ಪಗಿವೆ. ಕೈಪಿಡಿಗೆ ಒಂದು ಸಾಲು ಸೇರಿಸಿ ಎಂದದ್ದಕ್ಕೆ ಸಲಹೆಗೆ ಧನ್ಯವಾದ ಎಂದರು. ಸದ್ದಿನ ದೂರಿಗೆ, ಈವರೆಗೆ ಯಾವ ಗ್ರಾಹಕರೂ ಹೀಗೆ ಹೇಳಿಲ್ಲ ಎಂಬ ಉತ್ತರ ಬಂತು. ಹಳೆಯ ಹತ್ತಿ ಬೆಡ್‌ಶೀಟ್ ಹರಿದು ಎರಡೂ ಗೇಟರಿನ ಒಳಮಗ್ಗುಲಿಗೆ ಹೊಲಿದಿದ್ದೇನೆ, ಅದೇ ದಬ್ಬಳದಿಂದ. ಮಳೆಯಲ್ಲಿ ನೆನೆದರೆ ಮಣಭಾರ, ಆದರೆ ಸರ್ ಸರ್ ನಿಂತಿದೆ.