ಒಂದು ಸರಪಳಿ ದೂರ: ರೋಬೋಟ್, ಟ್ರೆಡ್‌ಮಿಲ್, ಬಿಳಿ ಪಟ್ಟಿ

ಭೂಮಾಪನ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದವನು ನಾನು. ನಮ್ಮ ಸರಪಳಿ 33 ಅಡಿ. ಅದರ ಚೌಕ ಒಂದು ಗುಂಟೆ. ಹೀಗಾಗಿ ಫಿಸಿಯೋಥೆರಪಿ ಕೋಣೆಯ ಹುಡುಗಿ ನೆಲದ ಮೇಲೆ ಹತ್ತು ಮೀಟರ್ ಗುರುತು ಹಾಕಿ, "ಇಲ್ಲಿಂದ ಅಲ್ಲಿಗೆ ನಡೆಯಿರಿ ಸರ್" ಎಂದಾಗ ನನಗೆ ನಗು ಬಂತು. ಹತ್ತು ಮೀಟರ್ ಎಂದರೆ ಎರಡು ಅಂಗುಲದಷ್ಟು ಕಡಿಮೆಯಾದ ಒಂದು ಸರಪಳಿ. ಕೆಲಸದಲ್ಲಿದ್ದಾಗ ಅಷ್ಟು ದೂರವನ್ನು ಹದಿಮೂರು ಹೆಜ್ಜೆಯಲ್ಲಿ ಮುಗಿಸುತ್ತಿದ್ದೆ. ಆ ದಿನ ಹಿಡಿದದ್ದು 24 ಹೆಜ್ಜೆ, 15 ಸೆಕೆಂಡ್. ನಗು ಅಲ್ಲಿಗೇ ನಿಂತಿತು.

ಪಾರ್ಕಿನ್ಸನ್ ರೋಗ ಬಂದು ಆರು ವರ್ಷವಾಯಿತು. ಕೈ ನಡುಕ ಅಷ್ಟಕ್ಕಷ್ಟೆ. ನನ್ನನ್ನು ಕಾಡುವುದು ಕಾಲು. ಹೆಜ್ಜೆ ಗಿಡ್ಡವಾಗಿದೆ, ಪಾದ ನೆಲಕ್ಕೆ ಉಜ್ಜುತ್ತದೆ, ಅಡುಗೆಮನೆಯ ಹೊಸ್ತಿಲ ಮುಂದೆ ಅಂಟು ಮೆಟ್ಟಿದವನ ಹಾಗೆ ನಿಂತುಬಿಡುತ್ತೇನೆ. ಕಾಲಿನಲ್ಲಿ ಬಲವಿಲ್ಲವೆಂದಲ್ಲ. ಅದೇ ಕಾಲು ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತದೆ. ನೆದರ್ಲೆಂಡ್ಸ್‌ನ ವೈದ್ಯರು 2010ರಲ್ಲಿ ಇಂಥ ಒಬ್ಬ ರೋಗಿಯ ವಿಷಯ ಬರೆದಿದ್ದರು: ನಾಲ್ಕು ಹೆಜ್ಜೆ ನಡೆಯಲು ಒದ್ದಾಡುವ ಮನುಷ್ಯ ಸೈಕಲ್ ಹತ್ತಿಸಿದರೆ ಆರಾಮಾಗಿ ತುಳಿದುಕೊಂಡು ಹೋಗುತ್ತಿದ್ದ. ಈ ರೋಗದಲ್ಲಿ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದಾಗ ತಾನಾಗಿ ನಡೆಯಬೇಕಾದ ಚಲನೆಗೆ ಚಾಲನೆ ಸಿಗುವುದಿಲ್ಲ. ಹೊರಗಿನಿಂದ ಒಂದು ಸುಳಿವು ಸಿಕ್ಕರೆ ಅದೇ ಕಾಲು ಕೆಲಸ ಮಾಡುತ್ತದೆ. ಈ ಮಾತು ಮೊದಲೇ ಚೆನ್ನಾಗಿ ಅರ್ಥವಾಗಿದ್ದರೆ ನನಗೆ ಸ್ವಲ್ಪ ದುಡ್ಡು ಉಳಿಯುತ್ತಿತ್ತು.

ಕಳೆದ ವರ್ಷ ಮೂರು ದಾರಿಗಳನ್ನು ಒಂದಾದ ಮೇಲೊಂದು ನೋಡಿದೆ. ಮೊದಲು ಕಾಲು ಹಿಡಿದು ನಡೆಸುವ ರೋಬೋಟ್, ಆಮೇಲೆ ಟ್ರೆಡ್‌ಮಿಲ್, ಕೊನೆಗೆ ಮನೆಯ ನೆಲದ ಮೇಲೆ ಪಟ್ಟಿ. ನಡುವೆ ತಿಂಗಳ ಬಿಡುವು. ಡಾಕ್ಟರ ಒಪ್ಪಿಗೆಯಿತ್ತು, ಮಾತ್ರೆಯ ಪ್ರಮಾಣ ಬದಲಾಗಲಿಲ್ಲ. ಪ್ರತಿ ವಾರ ಒಂದೇ ಹೊತ್ತಿಗೆ ಆ ಒಂದು ಸರಪಳಿ ನಡೆದು ಹೆಜ್ಜೆ ಎಣಿಸಿಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ಎಷ್ಟು ಸಲ ನಿಂತೆ ಎಂಬ ಲೆಕ್ಕ ನನ್ನ ಹೆಂಡತಿಯದು. ಹಾಲಿನ ಲೆಕ್ಕದ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಳು.

ರೋಬೋಟ್ ಇದ್ದದ್ದು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ನಾಲ್ಕು ವಾರ ಮಗನ ಮನೆಯಲ್ಲಿ ಉಳಿದು ಹನ್ನೆರಡು ಸರದಿ ಮುಗಿಸಿದೆ, ಸರದಿಗೆ ಎರಡೂವರೆ ಸಾವಿರ. ಈ ಜಾತಿಯಲ್ಲಿ ಹೆಸರಾದದ್ದು ಸ್ವಿಟ್ಜರ್ಲೆಂಡಿನ ಲೋಕೋಮ್ಯಾಟ್. ಜೂರಿಚ್‌ನ ಬಾಲ್‌ಗ್ರಿಸ್ಟ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರನ್ನು ನಡೆಸಲೆಂದು ಅದು ರೂಪುಗೊಂಡಿತು. ನಾನು ಏರಿದ್ದು ಅದೇ ಬಗೆಯ ಇನ್ನೊಂದು. ತೊಡೆಯ ಉದ್ದ, ಮೊಣಕಾಲಿನಿಂದ ಕೆಳಗಿನ ಉದ್ದವನ್ನು ಟೇಪ್ ಹಿಡಿದು ಅಳೆದರು. ಜೀವಮಾನವೆಲ್ಲ ಅಳೆದವನು ಅಳತೆಗೆ ನಿಲ್ಲುವುದು ವಿಚಿತ್ರವಾಗಿತ್ತು. ಎದೆಗೂ ಸೊಂಟಕ್ಕೂ ಪಟ್ಟಿ ಕಟ್ಟಿ ಮೇಲಿನಿಂದ ತೂಗುಹಾಕಿ, ಕಾಲಿನ ಎರಡೂ ಬದಿಗೆ ಯಂತ್ರದ ಕಾಲು ಜೋಡಿಸಿ, ಪಾದದ ಮುಂಭಾಗವನ್ನು ಎತ್ತಿ ಹಿಡಿಯುವ ಎಲಾಸ್ಟಿಕ್ ಸಿಕ್ಕಿಸುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿರುತ್ತಿತ್ತು. ಆಮೇಲೆ ಅರ್ಧ ಗಂಟೆ ನಡಿಗೆ.

ಅದರ ಒಳ್ಳೆಯ ಗುಣವನ್ನು ಮೊದಲು ಹೇಳಬೇಕು. ಬೀಳುವ ಹೆದರಿಕೆ ಪೂರ್ತಿ ಹೋಗುತ್ತದೆ. ಎಷ್ಟೋ ವರ್ಷದ ಮೇಲೆ ಉದ್ದ ಹೆಜ್ಜೆ ಎಂದರೆ ಏನೆಂದು ಸೊಂಟಕ್ಕೆ ಮತ್ತೆ ನೆನಪಾಯಿತು. ಮೊದಲ ದಿನ ಕಣ್ಣು ಒದ್ದೆಯಾಯಿತೆಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹನ್ನೆರಡು ಸರದಿ ಮುಗಿದಾಗ ಸರಪಳಿಗೆ 20 ಹೆಜ್ಜೆ, ಹನ್ನೆರಡೂವರೆ ಸೆಕೆಂಡ್.

ಆದರೆ ಏಳನೆಯ ಸರದಿಯಲ್ಲಿ ಒಂದು ಸಂಗತಿ ನಡೆಯಿತು. ನನ್ನ ಸಮಯ ಹತ್ತೂವರೆ. ಅದಕ್ಕೆ ಹೊಂದುವಂತೆ ಒಂಬತ್ತೂವರೆಗೆ ಡೋಪಮೈನ್ ಕೊರತೆ ತುಂಬುವ ಲೆವೊಡೋಪಾ ಮಾತ್ರೆ ನುಂಗುತ್ತಿದ್ದೆ. ಆ ದಿನ ಅವರ ಸಾಲು ತಪ್ಪಿ ನನ್ನನ್ನು ಯಂತ್ರಕ್ಕೆ ಕಟ್ಟಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಮುಂದಿನ ಮಾತ್ರೆ ಮಗನ ಮನೆಯ ಡಬ್ಬಿಯಲ್ಲಿ ಉಳಿದಿತ್ತು. ಮೈ ಕೊರಡಾಗಿತ್ತು, ಮುಖದ ಸ್ನಾಯು ಕೂಡ ಅಲುಗುತ್ತಿರಲಿಲ್ಲ. ಆದರೂ ಯಂತ್ರ ಅರ್ಧ ಗಂಟೆ ಚೆಂದವಾಗಿ ನಡೆಯಿತು! ಎದುರಿನ ಪರದೆಯ ಮೇಲೆ ನನ್ನ ನಡಿಗೆ ತೋರಿಸುವ ಗೊಂಬೆಯೂ ಕೈಬೀಸಿಕೊಂಡು ನಡೆಯಿತು. ನಾನು ಮಾತ್ರ ಗಾಡಿಯ ಮೇಲಿನ ಮೂಟೆ. ಯಂತ್ರ ಕೊಡುವ ಆಸರೆಯ ಬಲವನ್ನು ಇಳಿಸುವ ಗುಂಡಿಯಿದೆ, ಇಳಿಸಿದರೆ ರೋಗಿಯ ಕಾಲಿಗೆ ಹೆಚ್ಚು ಕೆಲಸ ಬೀಳುತ್ತದೆ ಎಂದು ತಿಳಿದದ್ದು ಒಂಬತ್ತನೆಯ ಸರದಿಗೆ. ನಾನಾಗಿಯೇ ಕೇಳಿದ ಮೇಲೆ ಇಳಿಸಿದರು. ಕೊನೆಯ ಮೂರು ಸರದಿ ಬೆವರು ಸುರಿಯಿತು. ಲಾಭವಾಗಿದ್ದರೆ ಆ ಮೂರರಿಂದಲೇ ಎಂದು ನನ್ನ ಗುಮಾನಿ.

ಮನೆಗೆ ಬಂದ ತಿಂಗಳಿಗೆ ಹೆಜ್ಜೆ 22ಕ್ಕೆ ಜಾರಿತು. ಹೊಸ್ತಿಲಿನ ಗೀಟುಗಳು ಹೆಚ್ಚುಕಡಿಮೆ ಮೊದಲಿನಷ್ಟೇ, ವಾರಕ್ಕೆ ಮೂವತ್ತರ ಆಸುಪಾಸು.

ಟ್ರೆಡ್‌ಮಿಲ್ ಸಿಕ್ಕಿದ್ದು ನಮ್ಮೂರಿನ ಪಕ್ಕದ ಪಟ್ಟಣದ ಸಣ್ಣ ಫಿಸಿಯೋಥೆರಪಿ ಕೇಂದ್ರದಲ್ಲಿ, ಸರದಿಗೆ ನಾನೂರು. ಇಲ್ಲಿಯೂ ಬೀಳದಂತೆ ಮೇಲಿನಿಂದ ಪಟ್ಟಿ ಕಟ್ಟುತ್ತಾರೆ. ಆದರೆ ಕಾಲು ನಮ್ಮದೇ. ಗಂಟೆಗೆ ಒಂದೂಕಾಲು ಕಿಲೋಮೀಟರಿನಿಂದ ಶುರುಮಾಡಿ ಕೊನೆಗೆ ಎರಡೂವರೆಗೆ ಬಂದೆ. ಕೆಳಗಿನ ಪಟ್ಟಿ ಹಿಂದಕ್ಕೆ ಓಡುತ್ತಲೇ ಇರುವುದರಿಂದ ಹೆಜ್ಜೆ ಎತ್ತದೆ ವಿಧಿಯಿಲ್ಲ. ಯಾರೋ ಹಿಂದೆ ನಿಂತು "ಹೂಂ, ಮುಂದೆ" ಎನ್ನುತ್ತಿರುವಂತೆ. ಎರಡನೆಯ ದಿನ ಪಾದ ಸಿಕ್ಕಿ ಮುಗ್ಗರಿಸಿ ಬಾವಲಿಯಂತೆ ತೂಗಾಡಿದೆ. ಕಂಬಿಗೆ ಭಾರ ಹಾಕಿದರೆ ಫಿಸಿಯೋಥೆರಪಿಸ್ಟ್ ಗದರುತ್ತಿದ್ದ, "ಕಂಬಿ ನಡೆಯುವುದಿಲ್ಲ ಅಂಕಲ್, ನೀವು ನಡೆಯಬೇಕು." ಒಂದು ವಾರ ರಾಟೆ ಕೆಟ್ಟು ರಜೆಯಾಯಿತು. ಹನ್ನೆರಡು ಸರದಿಗೆ 18 ಹೆಜ್ಜೆ, 11 ಸೆಕೆಂಡ್; ತಿಂಗಳ ಮೇಲೂ 19. ಗೀಟುಗಳು ಇಪ್ಪತ್ತಕ್ಕೆ ಇಳಿದವು.

ರೋಬೋಟ್ ಮೊದಲು ಬಂದದ್ದರಿಂದ ಅದರ ಪುಣ್ಯ ಸ್ವಲ್ಪ ಟ್ರೆಡ್‌ಮಿಲ್‌ನ ಖಾತೆಗೆ ಜಮೆಯಾಗಿರಬಹುದು, ಒಪ್ಪುತ್ತೇನೆ. ಆದರೆ ಮಗ ಹುಡುಕಿ ತೋರಿಸಿದ ಒಂದು ಅಧ್ಯಯನವೂ ನನ್ನ ಪಕ್ಷಕ್ಕಿದೆ. ಇಟಲಿಯ ವೆರೋನಾದವರು 2013ರಲ್ಲಿ ಪ್ರಕಟಿಸಿದ್ದು. ಸೌಮ್ಯ ಮತ್ತು ಮಧ್ಯಮ ಹಂತದ 60 ಪಾರ್ಕಿನ್ಸನ್ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ರೋಬೋಟ್, ಇನ್ನೊಂದಕ್ಕೆ ಅಷ್ಟೇ ಹೊತ್ತಿನ ಟ್ರೆಡ್‌ಮಿಲ್, ಮೂರನೆಯದಕ್ಕೆ ವ್ಯಾಯಾಮ. ಅವರದೂ ನಾಲ್ಕು ವಾರ, ಹನ್ನೆರಡು ಸರದಿ. ನಡಿಗೆಯಲ್ಲಿ ರೋಬೋಟ್ ಟ್ರೆಡ್‌ಮಿಲ್‌ಗಿಂತ ಮೇಲೆನಿಸಲಿಲ್ಲ. ಮೂವತ್ತು ಸಾವಿರ ಕಟ್ಟಿ ಬಂದ ಮೇಲೆ ಓದಿದೆ, ಅದೇ ಬೇಜಾರು.

ಇನ್ನು ಬಿಳಿ ಪಟ್ಟಿ. ಇದಕ್ಕೆ ಆದ ಖರ್ಚು ನೂರೈವತ್ತು ರೂಪಾಯಿ. ನೆಲದ ಮೇಲೆ ಅಡ್ಡಗೆರೆ ಎಳೆದರೆ ಪಾರ್ಕಿನ್ಸನ್ ರೋಗಿಯ ಹೆಜ್ಜೆ ಸುಧಾರಿಸುತ್ತದೆ ಎಂಬುದು ಹಳೆಯ ವಿದ್ಯೆ. ಇಂಗ್ಲೆಂಡಿನ ಪರ್ಡನ್ ಮಾರ್ಟಿನ್ ಎಂಬ ವೈದ್ಯರು 1967ರಲ್ಲೇ ಬರೆದಿದ್ದಾರೆ. ನಮ್ಮದು ಕಾವಿ ನೆಲ. ಮೊದಲ ದಿನ ಹೆಂಡತಿ ರಂಗೋಲಿ ಪುಡಿಯಲ್ಲೇ ಮಲಗುವ ಕೋಣೆಯಿಂದ ಅಡುಗೆಮನೆಯವರೆಗೆ ಗೆರೆ ಎಳೆದಳು. ಹೊಸ್ತಿಲ ಆಚೆಗೂ ಎರಡು. "ಹೊಸ್ತಿಲನ್ನು ನೋಡಬೇಡಿ, ಗೆರೆ ದಾಟಿ ಬನ್ನಿ" ಎಂದಳು. ದಾಟಿದೆ. ನಿಲ್ಲಲೇ ಇಲ್ಲ. ಹಿಂದಿರುಗಿ ಮತ್ತೆ ದಾಟಿದೆ. ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ಇಬ್ಬರೂ ನೋಡಲಿಲ್ಲ.

ಮಾರನೆಯ ದಿನ ಬಿಳಿ ಟೇಪ್ ತಂದು ಅಂಟಿಸಿದೆವು. ಅಂತರ ಮೊದಲು ಒಂದೂವರೆ ಅಡಿ, ಈಗ ಸುಮಾರು ಎರಡು ಅಡಿ. ನಡೆಯುವ ದಿಕ್ಕಿಗೆ ಉದ್ದಕ್ಕೆ ಎಳೆದ ಗೆರೆ ಏನೂ ಮಾಡುವುದಿಲ್ಲ, ಅದನ್ನೂ ಪರೀಕ್ಷಿಸಿದೆ. ಕಾಲಿಗೆ ದಾಟಲು ಏನಾದರೂ ಬೇಕು. ಪಟ್ಟಿ ಇಲ್ಲದ ಕಡೆಗೆ, ಎಂದರೆ ಬೀದಿಗೆ, ಮೊಬೈಲಿನಲ್ಲಿ ಟಕ್ ಟಕ್ ಎಂದು ತಾಳ ಹಾಕುವ ಮೆಟ್ರೊನೋಮ್. ನನ್ನ ಸಹಜ ಲಯ ನಿಮಿಷಕ್ಕೆ 96 ಹೆಜ್ಜೆ ಇತ್ತು, 104ಕ್ಕೆ ಇಟ್ಟುಕೊಂಡೆ. 115ಕ್ಕೆ ಏರಿಸಿದ ದಿನ ಕಾಲು ಪುಟಪುಟನೆ ಓಡಲು ಶುರುಮಾಡಿ ಪಕ್ಕದ ಮನೆಯ ಗೇಟು ಹಿಡಿದು ನಿಂತೆ.

ಪಟ್ಟಿಯ ಮೇಲೆ ಸರಪಳಿಗೆ 16 ಹೆಜ್ಜೆ. ಪಟ್ಟಿ ಬಿಟ್ಟರೆ 19. ಹೊಸ್ತಿಲಿನ ಗೀಟು ವಾರಕ್ಕೆ ನಾಲ್ಕೈದು. ಇದಕ್ಕೂ ಕೊರತೆಯಿದೆ. ದಮ್ಮು ಬೆಳೆಯುವುದಿಲ್ಲ, ಅದಕ್ಕೆ ಟ್ರೆಡ್‌ಮಿಲ್ ಬೇಕು. ಗಮನ ತಪ್ಪಿದರೆ, ಯಾರಾದರೂ ಮಾತಾಡಿಸಿದರೆ, ಗೆರೆ ಕಣ್ಣಿಗೆ ಬಿದ್ದೂ ಬೀಳದಂತಾಗುತ್ತದೆ. ಅಂಚು ಎದ್ದ ಟೇಪ್ ತಾನೇ ಎಡವಿಸುತ್ತದೆ.

ನನ್ನಂತೆ ಸ್ವಂತವಾಗಿ ನಡೆಯುವವರು ರೋಬೋಟಿಗೆ ದುಡ್ಡು ಸುರಿಯುವ ಮೊದಲು ಫಿಸಿಯೋಥೆರಪಿಸ್ಟ್ ಜೊತೆ ಕೂತು ಟೇಪ್ ಅಂಟಿಸಿ ನೋಡಿ, ಹತ್ತಿರದಲ್ಲಿ ಟ್ರೆಡ್‌ಮಿಲ್ ಹುಡುಕಿ ಎನ್ನುತ್ತೇನೆ. ಎದ್ದು ನಿಲ್ಲಲು ಇಬ್ಬರು ಬೇಕಾದವರ ಮಾತು ಬೇರೆ. ನನ್ನ ನಂತರದ ಸರದಿಗೆ ಪಾರ್ಶ್ವವಾಯುವಾದ ಒಬ್ಬ ಯುವಕ ಗಾಲಿಕುರ್ಚಿಯಲ್ಲಿ ಬರುತ್ತಿದ್ದ. ಅವನನ್ನು ಅದೇ ಯಂತ್ರ ನೆಟ್ಟಗೆ ನಿಲ್ಲಿಸಿ ನಡೆಸಿದಾಗ ಅವನ ತಾಯಿ ಗೋಡೆಗೆ ಒರಗಿ ನೋಡುತ್ತಿದ್ದರು. ಅವರ ಎದುರು ನನ್ನ ಲೆಕ್ಕಾಚಾರ ಹೇಳುವ ಧೈರ್ಯ ನನಗಿಲ್ಲ.

ನಮ್ಮಲ್ಲಿ ಈಗ ಉಳಿದಿರುವ ತಕರಾರು ಬಚ್ಚಲಮನೆಯ ತಿರುವಿನದು. ತಿರುವಿನಲ್ಲಿ ಪಟ್ಟಿಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಬೇಕು. ಒಳಗಿನ ತುದಿ ಎಷ್ಟು ಹತ್ತಿರ, ಹೊರಗಿನ ತುದಿ ಎಷ್ಟು ದೂರ ಎಂಬುದರಲ್ಲಿ ನನಗೂ ಹೆಂಡತಿಗೂ ಒಮ್ಮತವಿಲ್ಲ. ಮೂರು ಸಲ ಕಿತ್ತು ಅಂಟಿಸಿದ್ದೇವೆ. ನಾಳೆ ನನ್ನ ಹಳೆಯ ಕೋನಮಾಪಕ ಅಟ್ಟದಿಂದ ಇಳಿಯಲಿದೆ.